ಪದಚರ್ಚೆ: 'ಮ್ಯಾಪಿಂಗ್'ಗೆ 'ತಾಳೆ' ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕೊಪ್ಪಳದ ಹತ್ತಿರ ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ರಾತ್ರಿ ಪಾಳಿಯ ಹುಡುಗರಿಗೆಂದು ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಅದರ ಮುಖ್ಯ ಕೋಷ್ಟಕಕ್ಕೆ ಇಂಗ್ಲಿಷಿನಲ್ಲಿ 'ಮ್ಯಾಪಿಂಗ್' ಅನ್ನುತ್ತಾರೆ; ಅದಕ್ಕೆ ಕನ್ನಡದ ತಲೆಬರಹವೇ ಕಗ್ಗಂಟಾಗಿದೆ.

ಹಳೆಯ ನೆಟ್‌ವರ್ಕ್ ಸ್ವಿಚ್‌ಗಳ ಮಾಹಿತಿ ಎಸ್‌ಎನ್‌ಎಂಪಿಯಿಂದ (ಯಂತ್ರಗಳ ಸ್ಥಿತಿ ಕೇಳಿ ತಿಳಿಯುವ ಹಳೆಯ ಪದ್ಧತಿ) ಬರುತ್ತದೆ, ಹೊಸವುಗಳದ್ದು ಓಪನ್‌ಕಾನ್ಫಿಗ್ ಮಾದರಿಯಲ್ಲಿ (ಬೇರೆಬೇರೆ ಕಂಪನಿಗಳ ಯಂತ್ರಗಳಿಗೆ ಒಂದೇ ಹೆಸರು ಕೊಡುವ ಮಾದರಿ), ಸರ್ವರ್‌ಗಳದ್ದು ಪ್ರೊಮಿಥಿಯಸ್‌ಗೆ (ಅಂಕಿಗಳನ್ನು ಕೂಡಿಸಿಡುವ ನಿಗಾ ತಂತ್ರಾಂಶ). ಪೋರ್ಟಿಗೆ (ಕೇಬಲ್ ಚುಚ್ಚುವ ಕಿಂಡಿಗೆ) ಬಂದ ಡೇಟಾಕ್ಕೆ ಒಂದರಲ್ಲಿ 'ಇಫ್‌ಎಚ್‌ಸಿಇನ್‌ಆಕ್ಟೆಟ್ಸ್', ಇನ್ನೊಂದರಲ್ಲಿ 'ಇನ್-ಆಕ್ಟೆಟ್ಸ್', ಮತ್ತೊಂದರಲ್ಲಿ 'ರಿಸೀವ್ ಬೈಟ್ಸ್ ಟೋಟಲ್'. ಯಾವುದು ಯಾವುದಕ್ಕೆ ಸಮ ಎಂದು ತೋರಿಸುವ ಈ ಪಟ್ಟಿಗೆ 'ನಕ್ಷೆ' ಅಂದರೆ ಹುಡುಗರು ಕೇಬಲ್ ಹಾದ ದಾರಿ ಹುಡುಕುತ್ತಾರೆ. 'ಹೊಂದಾಣಿಕೆ'ಯಂತೂ ರಾಜಕೀಯದವರ ಪಾಲಾಗಿದೆ.

'ತಾಳೆ ಪಟ್ಟಿ' ಅನ್ನೋಣವೇ? ತಾಳೆ ನೋಡುವುದು ಎರಡು ಲೆಕ್ಕ ಒಂದೇ ಬರುತ್ತದೋ ಇಲ್ಲವೋ ಎಂದು. ಇಲ್ಲಿ ಎಷ್ಟೋ ಸಾಲುಗಳಲ್ಲಿ ಅದು ಒಂದೇ ಬರುವುದಿಲ್ಲ. ಪೋರ್ಟಿನ ಸ್ಥಿತಿಯನ್ನು ಎಸ್‌ಎನ್‌ಎಂಪಿ 1, 2 ಎಂದು ಅಂಕಿಯಲ್ಲಿ ಕೊಟ್ಟರೆ ಓಪನ್‌ಕಾನ್ಫಿಗ್ 'ಅಪ್', 'ಡೌನ್' ಎಂದೇ ಹೇಳುತ್ತದೆ. ಎಸ್‌ಎನ್‌ಎಂಪಿಯ ಕಾಲದ ಲೆಕ್ಕವಾದ 'ಸಿಸ್‌ಅಪ್‌ಟೈಮ್' ಎಣಿಸುವುದು ಸೆಕೆಂಡಿನ ನೂರನೇ ಭಾಗಗಳನ್ನು. ಸುಮಾರು 497 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಮೇಲಾಗಿ ಅದು ಎಸ್‌ಎನ್‌ಎಂಪಿ ಏಜೆಂಟ್ (ಯಂತ್ರದೊಳಗೆ ಕೂತು ಮಾಹಿತಿ ಕೊಡುವ ಪ್ರೋಗ್ರಾಂ) ಶುರುವಾದಂದಿನಿಂದ ಆದ ಕಾಲ, ಯಂತ್ರ ಶುರುವಾದಂದಿನಿಂದಲ್ಲ. ಅದನ್ನು ಬೂಟ್ ಸಮಯದ ಎದುರಿಗೆ ಕೂರಿಸಿದರೆ, ಬರೀ ಏಜೆಂಟ್ ರೀಸ್ಟಾರ್ಟ್ ಆದ ದಿನ ಯಂತ್ರವೇ ಆಫ್ ಆಗಿತ್ತೆಂದು ವರದಿ ಹೋಗುತ್ತದೆ.

ಇನ್ನು 'ಒಳಹರಿವು'. ಮಳೆಗಾಲ ಬಂತೆಂದರೆ ತುಂಗಭದ್ರಾ ಜಲಾಶಯದ ಒಳಹರಿವು, ಹೊರಹರಿವು ನಮ್ಮ ಕಡೆ ಎಲ್ಲರ ಬಾಯಲ್ಲಿ. ಪೋರ್ಟಿಗೂ ಚೆನ್ನಾಗಿ ಒಪ್ಪುವ ಪದ. ಆದರೆ ಡ್ಯಾಮಿನ ಒಳಹರಿವು ಕ್ಯೂಸೆಕ್ ಲೆಕ್ಕ, ಸೆಕೆಂಡಿಗೆ ಇಷ್ಟು ಘನ ಅಡಿ. ಆಕ್ಟೆಟ್ (8 ಬಿಟ್, ಅಂದರೆ ಒಂದು ಬೈಟ್) ಕೌಂಟರ್ ಏರುತ್ತಲೇ ಹೋಗುವ ಮೊತ್ತ. ಎರಡು ಸಲ ಓದಿ, ಕಳೆದು, ನಡುವಿನ ಸೆಕೆಂಡುಗಳಿಂದ ಭಾಗಿಸಿ, 8ರಿಂದ ಗುಣಿಸಿದ ಮೇಲೆಯೇ ಸೆಕೆಂಡಿಗೆ ಎಷ್ಟು ಬಿಟ್ ಎಂಬುದು ಸಿಗುತ್ತದೆ. ಅದರಲ್ಲೂ ಹಳೆಯ 32 ಬಿಟ್ ಕೌಂಟರ್, 1 ಗಿಗಾಬಿಟ್ ಲಿಂಕ್ ಪೂರ್ತಿ ಓಡುತ್ತಿದ್ದರೆ ಸುಮಾರು 34 ಸೆಕೆಂಡಿಗೇ ಒಂದು ಸುತ್ತು ಮುಗಿಸುತ್ತದೆ. 5 ನಿಮಿಷಕ್ಕೊಮ್ಮೆ ಓದುವವರ ಲೆಕ್ಕ ಅಲ್ಲಿಗೇ ಕೆಟ್ಟಿತು. ಹಾಗಾಗಿ ವೇಗಕ್ಕೆ 'ಒಳಹರಿವು', ಕೌಂಟರಿಗೆ 'ಒಳಬಂದ ಮೊತ್ತ' ಎಂದು ಬೇರೆಬೇರೆ ಇಟ್ಟಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ಸ್ಥಿತಿಯ ಸಾಲುಗಳಿಗೆ ಪದ ಹುಡುಕಲಿಲ್ಲ. ತಾನಾಗಿ ಹೋದ ಪೋರ್ಟಿಗೆ ಹುಡುಗರು 'ಲೈನ್ ಹೋಗೈತಿ' ಅನ್ನುತ್ತಾರೆ, ಬೇಕೆಂದೇ ಮುಚ್ಚಿದ್ದಕ್ಕೆ 'ನಾವ ಬಂದ್ ಮಾಡೀವಿ'. ಹಾಗೇ ಬರೆದುಕೊಂಡೆ.

ತಲೆಬರಹಕ್ಕೆ ಸದ್ಯ 'ಜೋಡಿಪಟ್ಟಿ' ಎಂದಿಟ್ಟು, ಪಕ್ಕದಲ್ಲಿ 'ಪರಿವರ್ತನೆ' ಎಂಬ ಕಾಲಂ ಸೇರಿಸಿದ್ದೇನೆ. ಕಂದಾಯ ಇಲಾಖೆಯಲ್ಲಿದ್ದವರು ಯಾರಾದರೂ ಇದ್ದರೆ ತಿಳಿಸಿ: ಹಳೆಯ ಸರ್ವೆ ನಂಬರು, ಹೊಸ ನಂಬರು ಎದುರುಬದುರು ಬರೆದಿಡುವ ಪಟ್ಟಿಗೆ ನಿಮ್ಮಲ್ಲಿ ಏನನ್ನುತ್ತಾರೆ?