ಪದಚರ್ಚೆ: ‘ಪ್ರಮಾಣಪತ್ರ’ ಅವರು ಕೊಡೋದಾ, ನಾವು ಬರೆದುಕೊಡೋದಾ?

ಗೆಳೆಯರೇ,

ಹದಿನೈದು ದಿನದಿಂದ ಒಂದು ಪದದ ಜೊತೆ ಗುದ್ದಾಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ದಾರಿ ಹೊಳೆದರೆ ಹೇಳಿ.

ಪೀಣ್ಯದ ಒಂದು ಸಣ್ಣ ಮೆಶಿನಿಂಗ್ ಘಟಕದಲ್ಲಿ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನಾವು ಮಾಡುವ ಬಿಡಿಭಾಗ ಮೂರ್ನಾಲ್ಕು ಕೈ ದಾಟಿ ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆಗೆ ಹೋಗಿ ಸೇರುತ್ತದೆ. ಹಾಗಾಗಿ ಸಿಎಂಎಂಸಿ ಎಂಬ ಅವರ ಸೈಬರ್ ಭದ್ರತೆಯ ಪರೀಕ್ಷೆ ನಮ್ಮ ಬಾಗಿಲಿಗೂ ಬಂದಿದೆ. ಕಂಪ್ಯೂಟರು, ಕಡತ, ಡ್ರಾಯಿಂಗು ಎಲ್ಲ ಭದ್ರವಾಗಿವೆ ಎಂದು ತೋರಿಸಿಕೊಟ್ಟವರಿಗೆ ಮಾತ್ರ ಕೆಲಸ. 2025ರ ನವೆಂಬರ್ 10ರಿಂದ ಈ ಷರತ್ತು ಅಲ್ಲಿನ ಹೊಸ ಗುತ್ತಿಗೆಗಳಲ್ಲಿ ಹಂತಹಂತವಾಗಿ ಸೇರುತ್ತಿದೆ. ದೊಡ್ಡ ಗುತ್ತಿಗೆದಾರ ಅದನ್ನು ತನ್ನ ಕೆಳಗಿನವನಿಗೆ, ಅವನು ತನ್ನ ಕೆಳಗಿನವನಿಗೆ ದಾಟಿಸಬೇಕು. “ಹುಡುಗರಿಗೆ ಕನ್ನಡದಲ್ಲಿ ಆರು ಪುಟ ಬರೆದುಕೊಡಿ” ಎಂದರು ಮಾಲೀಕರು. ಯೋಚನೆ ಮಾಡದೆ ಸುಮ್ನೆ ಒಪ್ಪಿಕೊಂಡುಬಿಟ್ಟೆ.

ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. ಇದರಲ್ಲಿ ಮೂರು ಹಂತ ಇವೆ. ಮೊದಲನೆಯದರಲ್ಲಿ 15 ನಿಯಮ. ನಮ್ಮನ್ನು ನಾವೇ ಪರೀಕ್ಷೆ ಮಾಡಿಕೊಂಡು ವರ್ಷಕ್ಕೊಮ್ಮೆ ಹೇಳಿದರೆ ಸಾಕು. ಎರಡನೆಯದರಲ್ಲಿ 110 ನಿಯಮ. ಇಲ್ಲಿ ಕೆಲವು ಗುತ್ತಿಗೆಗೆ ನಮ್ಮ ಮಾತೇ ನಡೆಯುತ್ತದೆ, ಉಳಿದವಕ್ಕೆ ಮಾನ್ಯತೆ ಪಡೆದ ಹೊರಗಿನವರು ಬಂದು ನೋಡಿ ಮೂರು ವರ್ಷಕ್ಕೆ ಸರ್ಟಿಫಿಕೇಟ್ ಕೊಡುತ್ತಾರೆ. ಮೂರನೆಯದಕ್ಕೆ ಸರ್ಕಾರದವರೇ ಬರುತ್ತಾರೆ, ಅದು ನಮ್ಮ ಮಟ್ಟಿನದಲ್ಲ ಬಿಡಿ. ಆದರೆ ಯಾವ ಹಂತವೇ ಇರಲಿ, ಕಂಪನಿಯ ಹಿರಿಯರೊಬ್ಬರು ಪ್ರತಿ ವರ್ಷ “ಎಲ್ಲವನ್ನೂ ಪಾಲಿಸಿದ್ದೇವೆ, ಮುಂದೆಯೂ ಪಾಲಿಸುತ್ತೇವೆ” ಎಂದು ತಮ್ಮ ಹೆಸರಿನಲ್ಲಿ ಹೇಳಲೇಬೇಕು. ಇದಕ್ಕೆ ಅವರು ಅಫರ್ಮೇಶನ್ ಎನ್ನುತ್ತಾರೆ.

ಅಂದರೆ ಎರಡು ಕಾಗದ. ಒಂದು ಬೇರೆಯವರು ನಮ್ಮ ಬಗ್ಗೆ ಹೇಳುವುದು, ಇನ್ನೊಂದು ನಾವೇ ನಮ್ಮ ಬಗ್ಗೆ ಹೇಳುವುದು. ಇಡೀ ವ್ಯವಸ್ಥೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ನಮ್ಮ ಕನ್ನಡದಲ್ಲಿ ನೋಡಿದರೆ ಎರಡೂ ‘ಪ್ರಮಾಣಪತ್ರ’! ಜಾತಿ ಪ್ರಮಾಣಪತ್ರವನ್ನು ತಹಶೀಲ್ದಾರರು ಕೊಡುತ್ತಾರೆ. ಕೋರ್ಟಿಗೆ ಹಾಕುವ ಪ್ರಮಾಣಪತ್ರವನ್ನು, ಅದೇ ಅಫಿಡವಿಟ್ಟನ್ನು, ನಾವು ಬರೆದುಕೊಡುತ್ತೇವೆ. ಚುನಾವಣೆಗೆ ನಿಂತವರು ಆಸ್ತಿ ವಿವರ ಕೊಡುವುದೂ ಪ್ರಮಾಣಪತ್ರದಲ್ಲೇ. ‘ಪ್ರಮಾಣ’ ಎಂಬ ಪದವೇ ಹಾಗೆ ಅಲ್ವಾ? ಸಾರಿನ ಉಪ್ಪಿಗೂ ಅದೇ, ತರ್ಕದ ಆಧಾರಕ್ಕೂ ಅದೇ, ಧರ್ಮಸ್ಥಳಕ್ಕೆ ಬಾ ಎಂದು ರಾಜಕಾರಣಿಗಳು ಸವಾಲು ಹಾಕುವ ಆಣೆಗೂ ಅದೇ.

ಸರಿ, ಹೊರಗಿನವರು ಕೊಡುವುದಕ್ಕೆ ‘ದೃಢೀಕರಣ’ ಎಂದು ಹಾಕೋಣ ಎಂದುಕೊಂಡೆ. ಅದೂ ಕೈಕೊಟ್ಟಿತು. ನೋಟಿಸ್ ಬೋರ್ಡಿನಲ್ಲಿ “ನಮ್ಮ ಘಟಕಕ್ಕೆ ದೃಢೀಕರಣ ಇನ್ನೂ ಬಂದಿಲ್ಲ” ಎಂದು ಬರೆದಿದ್ದೆ. ವಿಎಂಸಿ ಮೆಶಿನ್ ನಡೆಸುವ ಹುಡುಗ ಬಂದು, “ಓಟಿಪಿ ಬಂದಿಲ್ವಾ ಸಾರ್? ನೆಟ್‌ವರ್ಕ್ ಸರಿಯಿಲ್ಲ, ಹೊರಗೆ ಹೋಗಿ ನೋಡಿ” ಎಂದ. ತಪ್ಪು ಅವನದಲ್ಲ. ಫೋನಿನಲ್ಲಿ ಅವನು ದಿನಾ ನೋಡುವುದು ‘ಎರಡು ಹಂತದ ದೃಢೀಕರಣ’. ಆ 110 ನಿಯಮಗಳಲ್ಲಿ ಅದೂ ಒಂದು ಬೇರೆ! ಜೊತೆಗೆ ಗೆಜೆಟೆಡ್ ಅಧಿಕಾರಿ ಹಸಿರು ಶಾಯಿಯಲ್ಲಿ ಸಹಿ ಹಾಕಿದ ಜೆರಾಕ್ಸೂ ‘ದೃಢೀಕೃತ ಪ್ರತಿ’.

ನನಗೆ ಈಗ ಹಿಡಿಸಿರುವುದು ‘ಮುಚ್ಚಳಿಕೆ’. ಮುಚ್ಚಳಕ್ಕೂ ಇದಕ್ಕೂ ನೆಂಟಸ್ತನವಿಲ್ಲ. ಹಿಂದಿಯ ಮುಚಲ್ಕಾ ಇದರದೇ ಬಳಗ. “ಮುಚ್ಚಳಿಕೆ ಬರೆದುಕೊಟ್ಟ” ಎಂದರೆ ಕೊಟ್ಟವನ ಕತ್ತು ಆ ಕಾಗದಕ್ಕೆ ಸಿಕ್ಕಿಹಾಕಿಕೊಂಡಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ‘ಸ್ವಯಂ ಘೋಷಣೆ’ಗೆ ಆ ಭಾರ ಇಲ್ಲ. ಅರ್ಜಿ ನಮೂನೆಯ ಕೊನೆಯಲ್ಲಿ ಓದದೆ ಟಿಕ್ ಹಾಕುವ ಸಾಲಿನ ಹಾಗೆ ಕೇಳಿಸುತ್ತದೆ. ಅಮೆರಿಕದಲ್ಲಿ ಈ ಹೇಳಿಕೆ ಸುಳ್ಳಾದರೆ ಫಾಲ್ಸ್ ಕ್ಲೇಮ್ಸ್ ಆಕ್ಟ್ ಕೆಳಗೆ ಎಳೆಯಬಹುದು. ಅವರ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಸೈನ್ಯಕ್ಕೆ ಕಳಪೆ ಮಾಲು ಕೊಟ್ಟು ದುಡ್ಡು ಹೊಡೆದವರಿಗಾಗಿ ತಂದ ಕಾನೂನು ಅದು. ಈಗ ಸರ್ಕಾರಕ್ಕೆ ಆದ ನಷ್ಟದ ಮೂರು ಪಟ್ಟು ಕಟ್ಟಿಸಿಕೊಳ್ಳುತ್ತಾರೆ. ಅಂಥ ಕಾಗದಕ್ಕೆ ಹಗುರ ಪದ ಬೇಡ ಅನಿಸುತ್ತದೆ. ಆದರೆ ಮುಚ್ಚಳಿಕೆ ಎಂದರೆ ಪೊಲೀಸ್ ಠಾಣೆಯ ವಾಸನೆ ಜಾಸ್ತಿ. ‘ಇನ್ನು ಮೇಲೆ ಮಾಡಲ್ಲ ಸ್ವಾಮಿ’ ಎಂಬ ಧ್ವನಿ.

ಎರಡನೇ ತಲೆನೋವು ಸಿಯುಐ, ಅಂದರೆ ‘ಕಂಟ್ರೋಲ್ಡ್ ಅನ್‌ಕ್ಲಾಸಿಫೈಡ್ ಇನ್ಫರ್ಮೇಶನ್’ ಎಂಬುದು. ಗುಪ್ತ ದಾಖಲೆ ಅಲ್ಲ, ಆದರೆ ಸಿಕ್ಕಸಿಕ್ಕವರಿಗೆ ತೋರಿಸುವಂತೆಯೂ ಇಲ್ಲ. ಅಂಥ ಡ್ರಾಯಿಂಗಿನ ಮೇಲುಗಡೆ ಆ ಮೂರಕ್ಷರ ಅಚ್ಚಾಗಿರುತ್ತದೆ. ಮೆಶಿನ್ ಅನುವಾದ ಕೇಳಿದರೆ ‘ನಿಯಂತ್ರಿತ ವರ್ಗೀಕರಿಸದ ಮಾಹಿತಿ’ ಎಂದಿತು. ಓದಿದವರಿಗೆ ಯಾರೋ ಫೈಲು ಜೋಡಿಸುವುದು ಮರೆತಿದ್ದಾರೆ ಅನ್ನಿಸಬೇಕು, ಅಷ್ಟೆ. ನಾನು ‘ಹದ್ದುಬಸ್ತು ಮಾಹಿತಿ’ ಎಂದು ಹಾಕಿದೆ. ಜಮೀನಿನ ಗಡಿ ಗುರುತಿಸಲು ಸರ್ವೆಯವರಿಗೆ ಹದ್ದುಬಸ್ತು ಅರ್ಜಿ ಹಾಕುತ್ತೇವಲ್ಲ, ಅದೇ. ಹೋದ ವಾರ ಸೂಪರ್‌ವೈಸರ್ ಒಬ್ಬರು ನೈಟ್ ಶಿಫ್ಟಿನವರಿಗೆ ಅಳತೆ ಗೊತ್ತಾಗಲಿ ಎಂದು ಡ್ರಾಯಿಂಗಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಲು ಹೊರಟಿದ್ದರು. “ಇದು ಹದ್ದುಬಸ್ತಿನದು, ಬೇಲಿ ದಾಟಿಸಬಾರದು” ಎಂದೆ. ಫೋನು ಜೇಬಿಗೆ ಹೋಯಿತು. ನಿಯಂತ್ರಿತ ಎಂದಿದ್ದರೆ ಹೋಗುತ್ತಿತ್ತೋ ಇಲ್ಲವೋ.

ಉಳಿದವು ಸಲೀಸು. ಕಂಪ್ಲೈಯನ್ಸಿಗೆ ನಮ್ಮ ಕಚೇರಿಗಳ ‘ಅನುಪಾಲನಾ ವರದಿ’ಯಿಂದ ‘ಅನುಪಾಲನೆ’ ತೆಗೆದುಕೊಂಡೆ. ಅಸೆಸ್‌ಮೆಂಟಿಗೆ ‘ಮೌಲ್ಯಮಾಪನ’, ಎಸ್ಸೆಸ್ಸೆಲ್ಸಿ ದಯೆಯಿಂದ ಎಲ್ಲರಿಗೂ ಗೊತ್ತು. ಇಲ್ಲಿ ಅಂಕಗಳೂ ಇವೆ: ಎರಡನೇ ಹಂತದಲ್ಲಿ 110ರಿಂದ ಶುರು, ಪಾಲಿಸದ ನಿಯಮಕ್ಕೆ ತೂಕ ನೋಡಿ 5, 3 ಅಥವಾ 1 ಕಳೆಯುತ್ತಾರೆ. ಏನೂ ಮಾಡದವನಿಗೆ ಮೈನಸ್ 203! ನಮ್ಮ ಹುಡುಗರಿಗೆ ಇಡೀ ಕೈಪಿಡಿಯಲ್ಲಿ ಇಷ್ಟವಾದದ್ದು ಇದೊಂದೇ.

ಈಗ ಪ್ರಶ್ನೆ. ಹೊರಗಿನವರು ಕೊಡುವುದಕ್ಕೆ ‘ಪ್ರಮಾಣಪತ್ರ’ ಉಳಿಸಿಕೊಂಡು, ನಾವು ಕೊಡುವುದಕ್ಕೆ ‘ಮುಚ್ಚಳಿಕೆ’ ಎನ್ನಬಹುದೇ? ಅಥವಾ ಕರಾವಳಿ, ಉತ್ತರ ಕರ್ನಾಟಕದ ಕಡೆ ಠಾಣೆಯ ನೆರಳಿಲ್ಲದ ಬೇರೆ ಪದ ಬಳಕೆಯಲ್ಲಿದೆಯೇ? ಸೋಮವಾರ ಅಚ್ಚಿಗೆ ಕೊಡಬೇಕು. ಕರಡು ನೋಡಿದ ಮಾಲೀಕರು ‘ಮುಚ್ಚಳಿಕೆ’ ಪದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ “ನಾನೇನ್ರೀ ತಪ್ಪು ಮಾಡಿದೆ?” ಎಂದು ಬರೆದು ವಾಪಸ್ ಕಳಿಸಿದ್ದಾರೆ.