ಪದಚರ್ಚೆ: ‘ನನ್ನಾರಿ ಸರ್ಬತ್ತಿ’ಗೆ ಕನ್ನಡದ ಹಲಗೆಯಲ್ಲಿ ಏನೆಂದು ಬರೆಯಬೇಕು?

ಮಾನ್ಯರೇ,

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನ ಸೋದರಮಾವನವರು ನಡೆಸುವ ಗೂಡಂಗಡಿಗೆ ಮಲಯಾಳ, ಕನ್ನಡ ಎರಡರಲ್ಲೂ ಹೊಸ ಹಲಗೆ ಬರೆಸುತ್ತಿದ್ದೇವೆ. ಬರೆಯುವವರು ನಾಳೆ ಬೆಳಗ್ಗೆಯೇ ಬರುತ್ತಾರೆ. ನನ್ನಾರಿ ಬೇರಿನ ಪಾಕಕ್ಕೆ ಲಿಂಬೆ ಹಿಂಡಿ, ಗೋಲಿ ಸೋಡ ಒಡೆದು ಸುರಿದುಕೊಡುವ ಪಾನೀಯಕ್ಕೆ ‘ಸೊಗದೆಬೇರಿನ ಪಾನಕ’ ಎಂದೇ ಬರೆಸಬೇಕೆಂದು ನಿವೃತ್ತ ಅಧ್ಯಾಪಕರೊಬ್ಬರು ಪಟ್ಟು ಹಿಡಿದಿದ್ದಾರೆ. ‘ನನ್ನಾರಿ’ ಎಂದೇ ಉಳಿಸಿದರೆ ತಪ್ಪಾದೀತೇ?

ಉತ್ತರ:

ತಪ್ಪಾಗದು. ಮೊದಲು ಪಾನಕವನ್ನು ಕೈಬಿಡಿ. ಬೆಲ್ಲ, ಏಲಕ್ಕಿ, ಶುಂಠಿ ಕದಡಿ ರಾಮನವಮಿಗೆ ಹಂಚುವುದು ಪಾನಕ. ಅದಕ್ಕೆ ಸೋಡ ಸುರಿದವರನ್ನು ನಾನು ಕಂಡಿಲ್ಲ. ನನ್ನಾರಿಗೆ ಕನ್ನಡದಲ್ಲಿರುವ ಸೊಗದೆ, ನಾಮದ ಬೇರು ಎಂಬ ಹೆಸರುಗಳು ಗ್ರಂಧಿಗೆ ಅಂಗಡಿಗೆ ಸರಿ, ಆದರೆ ಹಲಗೆಯಲ್ಲಿ ಅವನ್ನು ಓದಿದವನು ಕಷಾಯವೆಂದು ಬಗೆದು ಬಾಯಾರಿಕೆಯಲ್ಲೇ ಮುಂದೆ ನಡೆದಾನು.

ಇನ್ನು ನನ್ನಾರಿ ಪರಭಾಷೆಯದೆಂಬ ಆಕ್ಷೇಪ. ತಮಿಳರು ಇದನ್ನು ಸಾದಾ ರಕಾರದಲ್ಲಿ ಬರೆದರೂ ಮಲಯಾಳದ ಬರಹದಲ್ಲಿ ‘ನನ್ನಾಱಿ’ ಎಂದು ಶಕಟರೇಫ, ಎಂದರೆ ಹಳಗನ್ನಡದಲ್ಲಿದ್ದ ‘ಱ’ ಅಕ್ಷರ, ಕಾಣುತ್ತದೆ. ಅದೇ ಬಳ್ಳಿಗೆ ಅಲ್ಲಿ ‘ನಱುನೀಂಡಿ’ ಎಂಬ ಇನ್ನೊಂದು ಹೆಸರೂ ಉಂಟು, ಅದರೊಳಗಿನ ‘ನಱು’ ನಮ್ಮ ಹಳಗನ್ನಡದ ‘ನಱುಗಂಪಿ’ನಲ್ಲಿರುವ, ಸುವಾಸನೆಯ ಎಂಬ ಅರ್ಥದ ನಱುವೇ. ಆದ್ದರಿಂದ ನನ್ನಾರಿಯನ್ನು ‘ಒಳ್ಳೆಯ ಕಂಪಿನದು’ ಎಂದು ಬಿಡಿಸಲು ನನಗೆ ಅಳುಕಿಲ್ಲ. ಹೊಸಗನ್ನಡದಲ್ಲಿ ನಾರುವುದೆಂದರೆ ಕೆಟ್ಟ ವಾಸನೆ ಮಾತ್ರವಾಗಿ ಉಳಿದದ್ದು ಆ ಪದದ ತಪ್ಪಲ್ಲ.

ಮರುಮಾತು:

ತಮಿಳಿನ ರಕಾರ ಅಡ್ಡ ಬಂದೊಡನೆ ಮಲಯಾಳದ ಕಡೆಗೆ ಜಿಗಿಯುವುದು ನಿರುಕ್ತವಲ್ಲ, ಜಾಣತನ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಪಾಲಿಗೆ ಉಳಿದಿರುವುದೇ ಹಲಗೆಯ ಅರ್ಧ ಭಾಗ. ಅದರಲ್ಲೂ ಮಲಯಾಳವನ್ನೇ ಕನ್ನಡ ಲಿಪಿಯಲ್ಲಿ ಬರೆಯಬೇಕೇ?

ಉತ್ತರ:

ರಕಾರದ ಆಕ್ಷೇಪವನ್ನು ಒಪ್ಪುತ್ತೇನೆ, ಸಿಟ್ಟನ್ನು ಒಪ್ಪಲಾರೆ. ಶರಬತ್ತು ಅರಬ್ಬಿಯಲ್ಲಿ ಕುಡಿಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿ ಪಾರಸಿಯ ಮೂಲಕ ಬಂದದ್ದು, ಸೋಡ ಯುರೋಪಿನದು, ಕತ್ತಿನಲ್ಲಿ ಗೋಲಿ ಸಿಕ್ಕಿಸಿದ ಬಾಟಲಿಗೆ 1872ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಹೈರಮ್ ಕಾಡ್. ಇವೆಲ್ಲಕ್ಕೂ ಮಣೆ ಹಾಕಿ, ಬೇಲಿಯಾಚೆಯ ನನ್ನಾರಿಯನ್ನು ಮಾತ್ರ ಹೊರಗೆ ನಿಲ್ಲಿಸುವುದು ಯಾವ ನ್ಯಾಯ? ಪ್ರಶ್ನೆ ಕೇಳಿದವರು ‘ಸರ್ಬತ್ತ್’ ಎಂಬ ಮಲಯಾಳದ ರೂಪವನ್ನು ಬಿಟ್ಟು, ಕನ್ನಡದ ಉಕಾರಾಂತದಲ್ಲಿ ‘ನನ್ನಾರಿ ಶರಬತ್ತು’ ಎಂದು ಬರೆಸಲಿ. ರಕಾರ ಸಾದಾ ಇರಲಿ. ಶಕಟರೇಫ ಬರೆಸಿದರೆ ಗಿರಾಕಿಗಳು ಅದನ್ನು ಓದಲಾರರು.