ವಿ-ಗ್ರೂವ್ ಅಚ್ಚಿನಲ್ಲಿ ಬಿಳಿ ಪಟ್ಟೆ: ಡೈಮಂಡ್ ಟೂಲ್ ಸವೆದಿದೆಯಾ?

ಕಪನೂರ, ಕಲಬುರಗಿ:
ಎಲ್‌ಇಡಿ ಪ್ಯಾನೆಲ್‌ನ ಅಕ್ರಿಲಿಕ್ ಶೀಟಿಗೆ ವಿ-ಗ್ರೂವ್ (ವಿ ಆಕಾರದ ಸಣ್ಣ ಗೀರು) ಇರುವ ಅಚ್ಚು ಮಾಡುತ್ತಿದ್ದೇವೆ. ಉಕ್ಕಿನ ಇನ್ಸರ್ಟ್ (ಅಚ್ಚಿನೊಳಗೆ ಕೂರಿಸುವ ತುಂಡು), ಮೇಲೆ ನಿಕಲ್-ಫಾಸ್ಫರಸ್ ಪ್ಲೇಟಿಂಗ್. 90 ಡಿಗ್ರಿ ಡೈಮಂಡ್ ಟೂಲ್, ಪಿಚ್ (ಗ್ರೂವ್‌ನಿಂದ ಗ್ರೂವ್‌ಗೆ ದೂರ) 50 ಮೈಕ್ರಾನ್, ಆಳ 25. ಫಿನಿಶ್ ಪಾಸ್‌ನಲ್ಲಿ (ಕೊನೆಯ ನಯ ಕೊರೆತದಲ್ಲಿ) ಒಂದು ಗ್ರೂವ್‌ಗೆ 20 ಸೆಕೆಂಡ್. ಬೆಳಕಿಗೆ ಹಿಡಿದರೆ ಸುಮಾರು 1.5 ಮಿ.ಮೀ.ಗೆ ಒಂದರಂತೆ ಬಿಳಿ ಪಟ್ಟೆ ಕಾಣುತ್ತದೆ. ಟೂಲನ್ನು ಮತ್ತೆ ಸಾಣೆಗೆ ಕಳಿಸಬೇಕಾ? ಕಳಿಸಿದರೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ.

ಬೀದರ್:
ಸ್ವಲ್ಪ ತಡೀರಿ, ಕಳಿಸಬೇಡಿ. ಟೂಲ್ ಸವೆದರೆ ಮೊದಲ ಗ್ರೂವ್‌ನಿಂದ ಕೊನೆಯದರವರೆಗೆ ಹೊಳಪು ಇಳಿಯುತ್ತಲೇ ಹೋಗಬೇಕು. ನಿಮ್ಮಲ್ಲಿ ಪಟ್ಟೆ ಬಂದು, ಹೋಗಿ, ಮತ್ತೆ ಬರುತ್ತಿದೆ. ಸವೆದ ಅಂಚು ತಾನಾಗಿ ಸರಿಹೋಗಲ್ಲ ಅಲ್ವಾ? 1.5 ಮಿ.ಮೀ. ಅಂದರೆ 30 ಗ್ರೂವ್, ಅಂದರೆ 10 ನಿಮಿಷ. ನಿಮ್ಮ ರೂಮಿನಲ್ಲಿ 10 ನಿಮಿಷಕ್ಕೊಮ್ಮೆ ಆನ್-ಆಫ್ ಆಗುವುದು ಯಾವುದು? ನನಗೆ ಏಸಿ ಮೇಲೆ ಅನುಮಾನ.

ಲೆಕ್ಕ ಹಾಕಿ ನೋಡಿ. 100 ಮಿ.ಮೀ. ಉಕ್ಕು ಅರ್ಧ ಡಿಗ್ರಿ ಬಿಸಿಯಾದರೆ ಅರ್ಧ ಮೈಕ್ರಾನ್‌ಗಿಂತ ಜಾಸ್ತಿ ಹಿಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ 90 ಡಿಗ್ರಿ ಗ್ರೂವ್‌ನ ಆಳ ಅರ್ಧ ಮೈಕ್ರಾನ್ ಕಡಿಮೆಯಾದರೂ ಸಾಕು, ಎರಡು ಗ್ರೂವ್‌ಗಳ ನಡುವಿನ ಏಣಿನ ತುದಿಯಲ್ಲಿ 1 ಮೈಕ್ರಾನ್ ಅಗಲದ ಚಪ್ಪಟೆ ಉಳಿಯುತ್ತದೆ. ಬಿಳಿಯಾಗಿ ಕಾಣುವುದು ಅದೇ.

ಖಾತ್ರಿ ಮಾಡಿಕೊಳ್ಳಲು ಒಂದು ಡಮ್ಮಿ ತುಂಡಿನ ಮೇಲೆ ಗ್ರೂವ್‌ಗೆ 40 ಸೆಕೆಂಡ್ ಕೊಡಿ. ಪಟ್ಟೆಗಳು 0.75 ಮಿ.ಮೀ.ಗೆ ಹತ್ತಿರವಾದರೆ ಕಾರಣ ಗಡಿಯಾರದ ಜೊತೆ ಓಡುತ್ತಿದೆ, ಟೂಲ್ ಜೊತೆ ಅಲ್ಲ. ಮಷೀನಿಗೆ ಗಾಳಿ ಕೊಡುವ ಕಂಪ್ರೆಸರ್ ಎಲ್ಲಿದೆ ಅಂತಲೂ ನೋಡಿ. ನಮ್ಮ ಕಡೆ ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ತಗಡಿನ ಕೆಳಗಿಟ್ಟರೆ ಆ ಬಿಸಿಯೆಲ್ಲ ಪೈಪಿನಲ್ಲಿ ಒಳಗೆ ಬರುತ್ತದೆ.

ಕಪನೂರ, ಕಲಬುರಗಿ:
ಪಟ್ಟೆ 0.75ಕ್ಕೇ ಬಂತು! ಏಸಿ ಗಾಳಿಯ ದಿಕ್ಕು ತಿರುಗಿಸಿ, ಮಷೀನಿಗೆ ಕವರ್ ಕಟ್ಟಿದೆವು. ಮಷೀನಿನ ಬಿಸಿ ಒಂದೇ ಸಮ ಆಗಲಿ ಅಂತ ರಾತ್ರಿ ಸ್ಪಿಂಡಲ್ (ತಿರುಗುವ ದಂಡ) ಸುಮ್ನೆ ಓಡಿಸಿಟ್ಟು, ಬೆಳಗಿನ ಜಾವ ಫಿನಿಶ್ ಪಾಸ್ ಒಂದೇ ಸಲ ಮುಗಿಸಿದೆವು. ಪಟ್ಟೆ ಹೋಗಿದೆ. ಆದರೆ ತುದಿಗಳಲ್ಲಿ ಸಣ್ಣ ಬರ್ (ಕೊರೆದಾಗ ಉಳಿಯುವ ಲೋಹದ ಚೂಪು ಅಂಚು) ಇನ್ನೂ ಇದೆ.

ಬೀದರ್:
ಬಹಳ ಖುಷಿಯಾಯಿತು. ಬರ್‌ಗೆ ಕೊನೆಯ ಪಾಸ್ ನೋಡಿ. 5 ಮೈಕ್ರಾನ್ ತೆಗೆಯುತ್ತಿದ್ದರೆ 1ಕ್ಕೆ ಇಳಿಸಿ. ಪ್ಲೇಟಿಂಗ್ ಮಾಡಿದವರಿಂದ ಫಾಸ್ಫರಸ್ ಎಷ್ಟು, ದಪ್ಪ ಎಷ್ಟು ಅಂತ ಬರೆಸಿಕೊಳ್ಳಿ. ಫಾಸ್ಫರಸ್ 10 ಪರ್ಸೆಂಟ್‌ಗಿಂತ ಕಡಿಮೆಯಿದ್ದರೆ ಟೂಲ್ ಬೇಗ ಸವೆಯುತ್ತದೆ. ಇನ್ನು ಪ್ಲೇಟಿಂಗ್ ತೆಳುವಾಗಿ ಟೂಲ್ ಕೆಳಗಿನ ಉಕ್ಕಿಗೆ ತಾಗಿತೋ, ವಜ್ರದ ಕಾರ್ಬನ್ ಕಬ್ಬಿಣಕ್ಕೆ ಹೋಗಿ ಸೇರುತ್ತದೆ. ಆಗ ನಿಜವಾಗಿಯೂ ಸಾಣೆಗೆ ಕಳಿಸಬೇಕಾಗುತ್ತದೆ.